ಹೊನ್ನಾವರದ ಹಡಗು, ಮಾಲ್ದೀವಿನ ಮಗು

ಆಯನೂರಿನವರಾದ ನಮಗೆ ಸಮುದ್ರದ ಪರಿಚಯವಾದದ್ದು ಕಣ್ಣಿನಿಂದಲ್ಲ, ಮೂಗಿನಿಂದ. ಹೊನ್ನಾವರದ ಕಡೆಯಿಂದ ಒಣಮೀನಿನ ಚೀಲ ಹೇರಿಕೊಂಡು ಬರುವ ಲಾರಿಗಳು ತಾಳಗುಪ್ಪ, ಸಾಗರ, ಆನಂದಪುರ, ಕುಂಸಿ ದಾಟಿ ನಮ್ಮೂರಿನ ಮೇಲೆಯೇ ಶಿವಮೊಗ್ಗಕ್ಕೆ ಹೋಗುತ್ತಿದ್ದವು. ಚಹಾ ಕುಡಿಯಲು ಲಾರಿ ನಿಂತರೆ ಸಾಕು, ಇಡೀ ರಸ್ತೆಗೆ ವಾಸನೆ ಹಬ್ಬುತ್ತಿತ್ತು. "ಹೊನ್ನಾವರ ಬಂತು" ಎಂದು ನಾವು ಹುಡುಗರು ಕೂಗುತ್ತಿದ್ದೆವು. ಅದೊಂದು ಊರಿನ ಹೆಸರು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಆ ಊರನ್ನು ಏಳುನೂರು ವರ್ಷಗಳ ಹಿಂದೆ ಮೊರಾಕ್ಕೊ ದೇಶದ ಒಬ್ಬ ಪ್ರವಾಸಿ ಹೊಗಳಿ ಬರೆಸಿದ್ದಾನೆ ಎಂಬುದು ತಿಳಿದದ್ದು ಅದಕ್ಕಿಂತಲೂ ತಡವಾಗಿ, ಅದೂ ಉರ್ದು ಪುಸ್ತಕವೊಂದರಿಂದ. ಕನ್ನಡ ಪಠ್ಯದಲ್ಲಿ ಇಬ್ನ್ ಬತೂತ ಎಂದರೆ ಮುಹಮ್ಮದ್ ಬಿನ್ ತುಘಲಕನ ಹುಚ್ಚಾಟಗಳನ್ನು ಬರೆದಿಟ್ಟವನು, ಅಷ್ಟೆ. ಆತ ನಮ್ಮ ಶರಾವತಿಯ ಬಾಯಲ್ಲಿ ಕೂತು ಅನ್ನ ಉಂಡಿದ್ದ ಎಂದು ಯಾರೂ ನಮಗೆ ಹೇಳಲಿಲ್ಲ.

ಹೋದ ದಸರಾ ರಜೆಯಲ್ಲಿ ನಾವು, ಮನೆಯವರು ಮತ್ತು ಒಂಬತ್ತು ವರ್ಷದ ಮಗಳು ಹೊನ್ನಾವರಕ್ಕೆ ಹೋಗಿದ್ದೆವು. ಶರಾವತಿ ಸಮುದ್ರ ಸೇರುವಲ್ಲಿ ನದಿ ಬಹಳ ಅಗಲವಾಗಿದೆ. ಮಧ್ಯೆ ತೆಂಗಿನ ಮರಗಳಿಂದ ತುಂಬಿದ ಕುರುವೆಗಳು. ಮಾವಿನಕುರ್ವೆ ಅವುಗಳಲ್ಲಿ ದೊಡ್ಡದು. ದಡದ ಉದ್ದಕ್ಕೂ ಕಾಂಡ್ಲಾ ಗಿಡಗಳು. ಅವುಗಳ ನಡುವೆ ಬೋಟಿನಲ್ಲಿ ಸುತ್ತಾಡಿಸುತ್ತಾರೆ. ಮಗಳಿಗೆ ಮೊದಲ ಬೋಟು. "ಕೈ ಹೊರಗೆ ಚಾಚಬೇಡ ತಂಗೀ" ಎಂದು ಬೋಟಿನವರು ನಾಲ್ಕು ಸಲ ಹೇಳಿದರೂ ಅವಳ ಕೈ ನೀರಿನಲ್ಲೇ. ಅವಳನ್ನು ಸುಮ್ಮನೆ ಕೂರಿಸಲೆಂದು ನಾವು ಇಬ್ನ್ ಬತೂತನ ಕಥೆ ಶುರು ಮಾಡಿದೆವು. ಕಥೆ ಬರೆಯುವವರಿಗೆ ಇರುವ ಚಟ ಇದು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಸುಲ್ತಾನನ ಊಟ, ಹಡಗು, ಕಡಲ್ಗಳ್ಳರು ಎಲ್ಲ ಹೇಳಿ, ಕೊನೆಗೆ ಆತ ಮಾಲ್ದೀವಿನಲ್ಲಿ ತನ್ನ ಎರಡು ವರ್ಷದ ಮಗನನ್ನು ನೋಡಿ ಅಲ್ಲೇ ಬಿಟ್ಟು ಬಂದ ಸಂಗತಿಯನ್ನೂ ಹೇಳಿಬಿಟ್ಟೆವು. ಮಗಳು ನೀರಿನಿಂದ ಕೈ ತೆಗೆದಳು.

"ಫಿರ್ ಓ ಬಚ್ಚಾ ಕ್ಯಾ ಹುವಾ ಅಬ್ಬಾ?"

ಆ ಮಗು ಏನಾಯಿತು? ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಇಬ್ನ್ ಬತೂತ ಹುಟ್ಟಿದ್ದು 1304ರಲ್ಲಿ, ಮೊರಾಕ್ಕೊದ ತಾಂಜಾ ಎಂಬ ಬಂದರಿನಲ್ಲಿ. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಹಜ್ ಯಾತ್ರೆಗೆಂದು ಮನೆ ಬಿಟ್ಟವನು ಇಪ್ಪತ್ತನಾಲ್ಕು ವರ್ಷ ಹಿಂತಿರುಗಲಿಲ್ಲ. 1333ರಲ್ಲಿ ಸಿಂಧೂ ನದಿ ದಾಟಿ ಬಂದ. ದಿಲ್ಲಿಯಲ್ಲಿ ಕಾಜಿಯಾದ. ಸುಲ್ತಾನ ಆತನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ್ದರಿಂದ 1342ರಲ್ಲಿ ಗುಜರಾತಿನ ಬಂದರಿನಿಂದ ಹಡಗು ಹತ್ತಿ ನಮ್ಮ ಕರಾವಳಿಯುದ್ದಕ್ಕೂ ಇಳಿದ. ಆತ ಸಂದಾಪುರ ಎಂದದ್ದು ಗೋವಾ. ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ಗುಡಿಯ ಗೋಡೆಗೆ ಒರಗಿ ಕೂತ ಒಬ್ಬ ಮೌನಿ ಜೋಗಿಯನ್ನು ಕಂಡ. ಮರುದಿನ ಆತ 'ಹಿನವ್ರ್' ಎಂದು ಕರೆಯುವ ಊರಿಗೆ ಬಂದು ಸೇರಿದ. ಅದೇ ನಮ್ಮ ಹೊನ್ನಾವರ.

ಹೊನ್ನಾವರದ ಬಗ್ಗೆ ಆತ ಬರೆಸಿರುವುದು ಕೆಲವೇ ಪುಟ. ಆದರೆ ಅಷ್ಟರಲ್ಲೇ ಒಂದು ಊರು ಕಣ್ಣಿಗೆ ಕಟ್ಟುತ್ತದೆ. ದೊಡ್ಡ ಹಡಗುಗಳು ಒಳಬರುವಷ್ಟು ಅಳಿವೆ, ಅದರಿಂದ ಸ್ವಲ್ಪ ದೂರದಲ್ಲಿ ಪಟ್ಟಣ. ಜನರು ಶಾಫಿ ಪಂಥದವರು. ಅವರಿಗೆ ಹೊಲಗದ್ದೆಗಳಿಲ್ಲ, ಬದುಕೆಲ್ಲ ಕಡಲ ವ್ಯಾಪಾರ. ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್ ಒಬ್ಬ ಹಿಂದೂ ದೊರೆಗೆ ಅಧೀನನಾಗಿದ್ದ. ಆ ದೊರೆಯನ್ನು ಇಬ್ನ್ ಬತೂತ 'ಹರಿಯಬ್' ಎನ್ನುತ್ತಾನೆ. ಇದು ವಿಜಯನಗರದ ಒಂದನೆಯ ಹರಿಹರನೇ ಇರಬೇಕೆಂದು ಬಹಳ ಮಂದಿ ಇತಿಹಾಸಕಾರರ ಅಭಿಪ್ರಾಯ. ವಿಜಯನಗರ ಹುಟ್ಟಿ ಆಗ ಹತ್ತು ವರ್ಷವೂ ಆಗಿರಲಿಲ್ಲ. ಹರಿಹರನ ಅಧೀನದಲ್ಲಿ ಒಬ್ಬ ಮುಸ್ಲಿಂ ಸುಲ್ತಾನ, ಆ ಸುಲ್ತಾನನ ಹಡಗುಗಳಿಗೆ ಹೆದರಿ ವರ್ಷವರ್ಷವೂ ಕಾಣಿಕೆ ಕೊಡುವ ಮಲಬಾರಿನವರು. ನಾವು ಶಾಲೆಯಲ್ಲಿ ಕಲಿತ 'ಹಿಂದೂ ಸಾಮ್ರಾಜ್ಯ, ಮುಸ್ಲಿಂ ಸಾಮ್ರಾಜ್ಯ' ಎಂಬ ಎರಡು ಬಣ್ಣದ ಭೂಪಟದಲ್ಲಿ ಈ ಊರಿಗೆ ಯಾವ ಬಣ್ಣ ಹಚ್ಚುವುದೋ ನಮಗಂತೂ ಗೊತ್ತಿಲ್ಲ.

ಸುಲ್ತಾನನ ಊಟದ ವರ್ಣನೆಯನ್ನು ಮಾತ್ರ ನಿಧಾನವಾಗಿ ಓದಬೇಕು. ತಾಮ್ರದ ಮಣೆ, ಅದರ ಮೇಲೆ ತಾಮ್ರದ ಹರಿವಾಣ. ರೇಷ್ಮೆಯುಟ್ಟ ಹೆಣ್ಣೊಬ್ಬಳು ಬಂದು ದೊಡ್ಡ ಸೌಟಿನಿಂದ ಅನ್ನ ಬಡಿಸಿ ಮೇಲೆ ತುಪ್ಪ ಸುರಿಯುತ್ತಾಳೆ. ಬದಿಗೆ ಗೊಂಚಲು ಗೊಂಚಲಾಗಿ ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನ, ನಂತರ ಉಪ್ಪಿನಕಾಯಿ. ಅನ್ನ ಮುಗಿದರೆ ಮತ್ತೆ ಅನ್ನ, ಈಗ ಕೋಳಿಯೊಂದಿಗೆ. ಮತ್ತೆ ಅನ್ನ, ಈಗ ಮೀನಿನೊಂದಿಗೆ. ಮತ್ತೆ ಅನ್ನ, ತುಪ್ಪದಲ್ಲಿ ಬೇಯಿಸಿದ ತರಕಾರಿಯೊಂದಿಗೆ. ಕೊನೆಗೆ ಮೊಸರು. ಮೊಸರು ಬಂದರೆ ಊಟ ಮುಗಿಯಿತೆಂದು ಅರ್ಥ. ಅಪ್ಪೆಮಿಡಿಯ ಭರಣಿ ಇಲ್ಲದ ಮನೆ ನಮ್ಮ ಸಾಗರ, ಹೊಸನಗರದ ಕಡೆ ಸಿಗುವುದಿಲ್ಲ. ಮೊಸರನ್ನ ಇಲ್ಲದೆ ಊಟ ಮುಗಿಸುವವರೂ ಕಡಿಮೆ. ಆ ಹರಿವಾಣದ ಮುಂದೆ ಕೂತವನ ಹೆಸರು ಜಮಾಲುದ್ದೀನ್, ಅದರಲ್ಲಿ ಬಡಿಸಿದ್ದು ಮಲೆನಾಡಿನ ಊಟ. ಅತಿಥಿಗೆ ಮಾತ್ರ ಇದು ಕಷ್ಟವಾಯಿತು. ಇನ್ನೊಂದು ಸಲ ಇದೇ ಸುಲ್ತಾನನ ಬಳಿ ಹನ್ನೊಂದು ತಿಂಗಳು ಇದ್ದೆ, ರೊಟ್ಟಿಯ ಮುಖ ಕಾಣಲಿಲ್ಲ ಎಂದು ದೂರುತ್ತಾನೆ. ಮಾಲ್ದೀವು, ಸಿಂಹಳ ಎಲ್ಲ ಸೇರಿ ಮೂರು ವರ್ಷ ಬರೀ ಅನ್ನ. ಕೊನೆಕೊನೆಗೆ ನೀರು ಕುಡಿದು ನುಂಗುವ ಸ್ಥಿತಿ ಬಂತಂತೆ.

ಆ ಪುಟಗಳಲ್ಲೇ ಇನ್ನೊಂದು ಮಾತಿದೆ. ಹೊನ್ನಾವರದ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತು. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು. ಇಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ ಎನ್ನುತ್ತಾನೆ. ಕೈರೋ, ದಮಾಸ್ಕಸ್, ಬಗ್ದಾದ್ ನೋಡಿ ಬಂದವನ ಮಾತು ಇದು. ನಾವು ಉರ್ದು ಶಾಲೆಯಲ್ಲಿ ಓದುವಾಗ ನಮ್ಮ ತರಗತಿಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಏಳನೆಯ ತರಗತಿಗೇ ನಿಂತರು. "ಇಷ್ಟು ಸಾಕು, ಪತ್ರ ಓದಲು ಬಂದರಾಯಿತು" ಎಂದು ಮನೆಯವರು ಹೇಳುತ್ತಿದ್ದರು. ಅದು ನಮ್ಮ ಪರಂಪರೆ ಎಂದೂ ಹೇಳುತ್ತಿದ್ದರು. ನಮ್ಮೂರಿನಿಂದ ನಾಲ್ಕು ಗಂಟೆಯ ದಾರಿಯಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ ಇದ್ದ ವಿಷಯ ಆ ಹಿರಿಯರಿಗೆ ಯಾರಾದರೂ ಹೇಳಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ!

ಹೊನ್ನಾವರದ ಹೆಂಗಸರು ಹೊಲಿದ ಬಟ್ಟೆ ಹಾಕುತ್ತಿರಲಿಲ್ಲವಂತೆ. ಹೊಲಿಗೆಯಿಲ್ಲದ ಉದ್ದ ವಸ್ತ್ರದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ, ಎದೆಯ ಮೇಲೆ ಹೊದೆಯುತ್ತಿದ್ದರು. ಅಂದರೆ ಸೀರೆ. ಮೂಗಿಗೆ ಚಿನ್ನದ ನತ್ತು. ಕುರ್‌ಆನ್ ಬಾಯಿಪಾಠ ಬರುತ್ತಿದ್ದ ಈ ಹೆಂಗಸರನ್ನು ಆತ ರೂಪವತಿಯರು, ಶೀಲವಂತೆಯರು ಎಂದು ಹೊಗಳಿದ. ಅವರ ಉಡುಪಿನ ಬಗ್ಗೆ ಒಂದು ಆಕ್ಷೇಪವನ್ನೂ ಎತ್ತಲಿಲ್ಲ.

1342ರ ಅಕ್ಟೋಬರ್‌ನಲ್ಲಿ ಜಮಾಲುದ್ದೀನ್ 52 ಹಡಗುಗಳೊಂದಿಗೆ ಗೋವಾದ ಮೇಲೆ ದಂಡೆತ್ತಿ ಹೋದಾಗ ಇಬ್ನ್ ಬತೂತ ಕತ್ತಿ ಗುರಾಣಿ ಹಿಡಿದು ಜೊತೆಗಿದ್ದ. ಗೋವಾದ ದೊರೆಯ ಮಗನೇ ತಂದೆಯೊಂದಿಗೆ ಜಗಳವಾಡಿ ಸುಲ್ತಾನನನ್ನು ಕರೆಸಿಕೊಂಡಿದ್ದ. ಮತಾಂತರವಾಗಿ ಸುಲ್ತಾನನ ತಂಗಿಯನ್ನು ಮದುವೆಯಾಗುವ ಮಾತೂ ಕೊಟ್ಟಿದ್ದ. ಮನೆ ಜಗಳಗಳು ಧರ್ಮಯುದ್ಧದ ಹೆಸರು ಪಡೆಯುವುದು ಇಂದು ನಿನ್ನೆಯದಲ್ಲ. ಅದನ್ನು ಇಲ್ಲಿಗೆ ಬಿಡೋಣ.

ಮಗುವಿನ ವಿಷಯಕ್ಕೆ ಬರೋಣ. ಮಗಳ ಪ್ರಶ್ನೆಯ ನಂತರ ನಾವು ಆ ಪುಸ್ತಕವನ್ನು ಇನ್ನೊಮ್ಮೆ ಓದಿದೆವು. ಈ ಸಲ ಸುಲ್ತಾನರನ್ನು ಬಿಟ್ಟು ಮಕ್ಕಳನ್ನು ಮಾತ್ರ ಹುಡುಕುತ್ತ ಹೋದೆವು. ಎಷ್ಟು ಮಕ್ಕಳು! ದಮಾಸ್ಕಸ್‌ನಲ್ಲಿ ಬಸುರಿ ಹೆಂಡತಿಯನ್ನು ಬಿಟ್ಟು ಹೊರಟವನಿಗೆ ಗಂಡು ಮಗು ಹುಟ್ಟಿದ ಸುದ್ದಿ ಸಿಕ್ಕಿದ್ದು ಭಾರತದಲ್ಲಿ. ಮಗುವಿನ ಅಜ್ಜನಿಗೆ 40 ಚಿನ್ನದ ದೀನಾರ್ ಕಳುಹಿಸಿದ. 1348ರಲ್ಲಿ ದಮಾಸ್ಕಸ್‌ಗೆ ಮರಳಿದಾಗ ಆ ಮಗ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಬುಖಾರಾದ ಹತ್ತಿರ, ತರ್ಮಶೀರೀನ್ ಖಾನನ ದಂಡಿನ ಬೀಡಿನಲ್ಲಿ ದಾಸಿಯೊಬ್ಬಳಿಂದ ಒಂದು ಹೆಣ್ಣು ಮಗು. ಮೊದಲು ಗಂಡೆಂದು ಹೇಳಿದರಂತೆ. ಆಮೇಲೆ ಹೆಣ್ಣೆಂದು ತಿಳಿಯಿತು. ಆ ಮಗು ಒಳ್ಳೆಯ ನಕ್ಷತ್ರದಲ್ಲಿ ಹುಟ್ಟಿತು, ಅದು ಹುಟ್ಟಿದ ಮೇಲೆ ನನಗೆಲ್ಲ ಸುಖವೇ ಆಯಿತು ಎಂದು ಬರೆಸಿದ್ದಾನೆ. ಆ ಕೂಸು ಹಿಂದೂಕುಶ್ ಪರ್ವತ ದಾಟಿ ತಂದೆಯೊಂದಿಗೆ ಭಾರತಕ್ಕೆ ಬಂತು. ಬಂದ ಸ್ವಲ್ಪ ಸಮಯದಲ್ಲೇ ದಿಲ್ಲಿಯಲ್ಲಿ ತೀರಿಕೊಂಡಿತು. ಅಹ್ಮದ್ ಎಂಬ ಮಗನನ್ನು ದಿಲ್ಲಿಯಲ್ಲಿ ಗೆಳೆಯನ ಕೈಗೊಪ್ಪಿಸಿ ಹೊರಟ. ಅವನನ್ನು ಮತ್ತೆ ನೋಡಿದ ಉಲ್ಲೇಖವಿಲ್ಲ.

ಕಲ್ಲಿಕೋಟೆಯ ಸಂಗತಿ ಇನ್ನೂ ಘೋರ. ಚೀನಾಕ್ಕೆ ಹೋಗಬೇಕಾದ ಹಡಗುಗಳಲ್ಲಿ ಚಿಕ್ಕದೊಂದರಲ್ಲಿ ಆತನ ಸಾಮಾನು, ಆಳುಗಳು, ದಾಸಿಯರು ಹತ್ತಿದ್ದರು. ದಾಸಿಯರಲ್ಲಿ ಒಬ್ಬಳು ಆತನಿಂದ ಗರ್ಭಿಣಿ. ಮರುದಿನ ಜುಮಾ ನಮಾಜ್ ಮುಗಿಸಿ ಹತ್ತುವುದೆಂದು ಆತ ದಡದಲ್ಲೇ ಉಳಿದ. ಬಿರುಗಾಳಿ ಎದ್ದು ಸುಲ್ತಾನನ ಉಡುಗೊರೆಗಳಿದ್ದ ದೊಡ್ಡ ಹಡಗು ಒಡೆಯಿತು. ಚಿಕ್ಕ ಹಡಗು ಹಾಯಿ ಬಿಚ್ಚಿ ಆತನನ್ನು ಬಿಟ್ಟೇ ಹೊರಟುಹೋಯಿತು. ಕೈಯಲ್ಲಿ ಹತ್ತು ದೀನಾರ್, ಮಲಗುವ ಒಂದು ಹಾಸು, ಅಷ್ಟೇ. ಆ ಹಡಗು ಸುಮಾತ್ರಾ ಸೇರಿತು. ಅಲ್ಲಿನ ದೊರೆ ದಾಸಿಯರನ್ನು ವಶಪಡಿಸಿಕೊಂಡ, ಗರ್ಭಿಣಿ ಹೆಂಗಸು ತೀರಿಕೊಂಡಳು ಎಂಬ ಸುದ್ದಿ ಆಮೇಲೆ ಸಿಕ್ಕಿತು. ಅವಳಿಗಾಗಿ ಬಹಳ ಚಿಂತೆಪಟ್ಟಿದ್ದೆ ಎನ್ನುತ್ತಾನೆ. ನಿಜವೇ ಇರಬಹುದು. ಆದರೆ ಆ ಹೆಂಗಸು ತಾನಾಗಿ ಆ ಹಡಗು ಹತ್ತಿದವಳಲ್ಲ. ಮಾರಾಟಕ್ಕೊಳಗಾದವಳು. ಬಂದರಿನಿಂದ ಬಂದರಿಗೆ ಹೋಗುವ ಅವಳ ಪ್ರಯಾಣವನ್ನು 'ಪ್ರವಾಸ' ಎಂದು ಕರೆಯಲು ನಮ್ಮ ಲೇಖನಿ ಒಪ್ಪುವುದಿಲ್ಲ.

ಕಲ್ಲಿಕೋಟೆಯಿಂದ ಹತ್ತು ದಿನದ ಪಯಣದಲ್ಲಿ ಆತ ಮಾಲ್ದೀವಿಗೆ ಬಂದದ್ದು 1343ರ ಸುಮಾರಿಗೆ. ಸುಮಾರು ಎರಡು ಸಾವಿರ ದ್ವೀಪಗಳು ಎಂದು ಅಂದಾಜು ಮಾಡುತ್ತಾನೆ. ಒಂದರ ಮೇಲೆ ನಿಂತರೆ ಇನ್ನೊಂದರ ತೆಂಗಿನ ತಲೆ ಕಾಣುತ್ತದೆ. ದಾರಿ ತೋರಿಸುವ ಸ್ಥಳೀಯನಿಲ್ಲದೆ ಹಡಗು ಅಲ್ಲಿ ನುಸುಳಲಾರದು. ಆಳುವವಳು ಖದೀಜಾ ಎಂಬ ಸುಲ್ತಾನಾ. ಶುಕ್ರವಾರದ ಖುತ್ಬಾದಲ್ಲಿ ಅವಳ ಹೆಸರಿನಲ್ಲಿ ದುಆ ನಡೆಯುತ್ತಿತ್ತು. ಆತನನ್ನು ಕಾಜಿಯನ್ನಾಗಿ ಮಾಡಿದರು. ಹೆಂಗಸರು ಸೊಂಟದ ಮೇಲೆ ಏನೂ ಹೊದೆಯುವುದಿಲ್ಲವೆಂದು ಆಜ್ಞೆ ಹೊರಡಿಸಿ ಸೋತ.

ತೆಂಗಿನ ನಾರಿನ ವರ್ಣನೆ ನಮ್ಮ ಕರಾವಳಿಯವರಿಗೆ ಹೊಸತಲ್ಲ. ಸಿಪ್ಪೆಯನ್ನು ದಡದ ಗುಂಡಿಗಳಲ್ಲಿ ಕೊಳೆಹಾಕಿ, ಕೊಡತಿಯಿಂದ ಬಡಿದು, ಹೆಂಗಸರು ಹುರಿ ಹೊಸೆಯುತ್ತಾರೆ. ಆ ಹುರಿಯಿಂದಲೇ ಹಡಗಿನ ಹಲಗೆಗಳನ್ನು ಹೊಲಿಯುತ್ತಾರೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ. ಹೊಲಿದ ಹಡಗು ಬಾಗುತ್ತದೆ, ಒಡೆಯುವುದಿಲ್ಲ ಎಂದು ಇಬ್ನ್ ಬತೂತ ಕಾರಣ ಕೊಡುತ್ತಾನೆ. ಹಾಗೆ ನೋಡಿದರೆ ಇಡೀ ಹಿಂದೂ ಮಹಾಸಾಗರದ ವ್ಯಾಪಾರ ನಿಂತಿದ್ದದ್ದು ದಡದಲ್ಲಿ ಕೂತು ಹುರಿ ಹೊಸೆದ ಹೆಂಗಸರ ಅಂಗೈಗಳ ಮೇಲೆ.

ಆ ಹೆಂಗಸರ ಬಗ್ಗೆ ಆತ ಹೇಳುವ ಒಂದು ಮಾತು ನಮ್ಮ ಪ್ರಶ್ನೆಗೆ ಅರ್ಧ ಉತ್ತರ. ಮಾಲ್ದೀವಿನಲ್ಲಿ ಮದುವೆ ಸುಲಭ, ಮೆಹ್ರ್ ಕಡಿಮೆ. ಹಡಗು ಬಂದಾಗ ನಾವಿಕರು ಮದುವೆಯಾಗುತ್ತಾರೆ, ಹೊರಡುವಾಗ ತಲಾಖ್ ಕೊಡುತ್ತಾರೆ. ಏಕೆಂದರೆ ಅಲ್ಲಿನ ಹೆಂಗಸರು ತಮ್ಮ ನಾಡನ್ನು ಬಿಟ್ಟು ಎಂದೂ ಹೊರಗೆ ಹೋಗುವುದಿಲ್ಲ. ಆತನೂ ನಾಲ್ವರನ್ನು ಮದುವೆಯಾದ. ವಜೀರನೊಂದಿಗೆ ಮನಸ್ತಾಪವಾಗಿ 1344ರಲ್ಲಿ ಹೊರಟಾಗ ಹೆಂಡತಿಯರಿಗೆ ತಲಾಖ್ ಕೊಟ್ಟ. ಒಬ್ಬಳು ಗರ್ಭಿಣಿಯಾಗಿದ್ದಳು. ಅವಳಿಗೆ ಒಂಬತ್ತು ತಿಂಗಳ ಗಡುವು: ಅಷ್ಟರಲ್ಲಿ ಮರಳಿ ಬಾರದಿದ್ದರೆ ನಿನ್ನ ದಾರಿ ನಿನಗೆ.

ಹೊರಟ ದಾರಿಯಲ್ಲಿ, ದ್ವೀಪದಿಂದ ದ್ವೀಪಕ್ಕೆ ಹಾಯುವಾಗ, ಆತ ಒಂದು ಪುಟ್ಟ ದ್ವೀಪಕ್ಕೆ ಬಂದ. ಅಲ್ಲಿ ಇದ್ದದ್ದು ಒಂದೇ ಮನೆ. ಒಬ್ಬ ನೇಕಾರ, ಅವನ ಹೆಂಡತಿ, ಮಕ್ಕಳು. ಕೆಲವು ತೆಂಗಿನ ಮರ, ಬಾಳೆ. ಒಂದು ಸಣ್ಣ ದೋಣಿ. ಮೀನು ಹಿಡಿಯಲೂ ಅದೇ, ಬೇರೆ ದ್ವೀಪಗಳಿಗೆ ಹೋಗಿಬರಲೂ ಅದೇ. ನೆಲದ ಹಕ್ಕಿಗಳೆಂದರೆ ಎರಡು ಕಾಗೆಗಳು ಮಾತ್ರ. ಹಡಗು ಹತ್ತಿರ ಬಂದಾಗ ಅವು ಮೇಲೆ ಹಾರಿ ಸುತ್ತಿದವಂತೆ. ಅರ್ಧ ಜಗತ್ತು ಸುತ್ತಿದ ಆ ಮನುಷ್ಯನಿಗೆ ಅಲ್ಲಿ ಅಸೂಯೆ ಆಯಿತು. ಈ ದ್ವೀಪ ನನ್ನದಾಗಿದ್ದರೆ, ಸಾಯುವವರೆಗೂ ಇಲ್ಲೇ ಇದ್ದುಬಿಡುತ್ತಿದ್ದೆ ಎಂಬ ಅರ್ಥದ ಮಾತು ಬರೆಸಿದ್ದಾನೆ. ಬಸುರಿ ಹೆಂಡತಿಯನ್ನು ಬಿಟ್ಟು ಬಂದ ದಿನಗಳಲ್ಲೇ ಈ ಅಸೂಯೆ ಹುಟ್ಟಿತು ಎಂಬುದನ್ನು ನಾವು ಹಿಂದಿನ ಓದಿನಲ್ಲಿ ಗಮನಿಸಿರಲಿಲ್ಲ. ನೇಕಾರನಲ್ಲಿ ಇದ್ದು ಆತನಲ್ಲಿ ಇಲ್ಲದ್ದು ದ್ವೀಪವೇ? ದೋಣಿಯೇ? ಆ ದೋಣಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಕ್ಕದ ದ್ವೀಪಕ್ಕೆ ಹೋಗಿ ಸಂಜೆಗೆ ಮನೆಗೆ ಮರಳುವ ಆ ನೇಕಾರ ಯಾವ ಪುಸ್ತಕವನ್ನೂ ಬರೆಸಲಿಲ್ಲ. ಅವನ ಹೆಸರೂ ನಮಗೆ ಬಂದಿಲ್ಲ.

ಸಿಂಹಳಕ್ಕೆ ಹೋಗಿ ಹಜ್ರತ್ ಆದಮರ ಪಾದದ ಗುರುತೆಂದು ಹೇಳುವ ಶಿಖರ ಹತ್ತಿ, ಮಧುರೆಗೆ ಬಂದು, ಮತ್ತೆ ಹೊನ್ನಾವರಕ್ಕೆಂದು ಹಡಗು ಹತ್ತಿದ. ಜಮಾಲುದ್ದೀನನ ಅನ್ನ ಬೇಡವಾಗಿದ್ದರೂ ಸ್ನೇಹ ಬೇಕಿತ್ತು. ಹೊನ್ನಾವರಕ್ಕೂ ಬಾರಕೂರಿಗೂ (ಆತ 'ಫಾಕನೂರ್' ಎನ್ನುತ್ತಾನೆ) ನಡುವಿನ ಚಿಕ್ಕ ದ್ವೀಪದ ಹತ್ತಿರ ಹನ್ನೆರಡು ಹಡಗುಗಳ ಕಡಲ್ಗಳ್ಳರು ಮುತ್ತಿದರು. ಮುರುಡೇಶ್ವರದ ಎದುರಿನ ನೇತ್ರಾಣಿಯೇ ಆ ದ್ವೀಪ ಎಂಬುದು ನಮ್ಮ ಊಹೆ. ಸಿಂಹಳದ ದೊರೆ ಕೊಟ್ಟ ರತ್ನಗಳು, ಬಟ್ಟೆಬರೆ ಎಲ್ಲ ಹೋಯಿತು. ಮೈಮೇಲೆ ಇಜಾರವೊಂದೇ ಉಳಿಯಿತು. ಹಾಗೆ ಕಲ್ಲಿಕೋಟೆಯ ಮಸೀದಿ ಸೇರಿದವನಿಗೆ ಅಲ್ಲಿ ಸಿಕ್ಕ ಸುದ್ದಿ: ಮಾಲ್ದೀವಿನ ಹೆಂಡತಿ ಗಂಡು ಹೆತ್ತಿದ್ದಾಳೆ.

ಹೋದ. ಹತ್ತು ದಿನದ ಪಯಣ. ಮಗನಿಗೆ ಆಗ ಸುಮಾರು ಎರಡು ವರ್ಷ. ಮಗುವನ್ನು ಒಯ್ಯುತ್ತಾನೆಂದು ತಾಯಿ ವಜೀರನ ಬಳಿ ದೂರಿಕೊಂಡಳು. ನಾನು ತಡೆಯುವುದಿಲ್ಲ ಎಂದ ವಜೀರ. ಮಗುವನ್ನು ತಂದು ತಂದೆಯ ಮುಂದೆ ನಿಲ್ಲಿಸಿದರು. ಇವರ ಬಳಿ ಇರುವುದೇ ಮಗುವಿಗೆ ಒಳ್ಳೆಯದು ಎಂದು ನನಗೆ ತೋರಿತು, ಹಿಂದಿರುಗಿಸಿದೆ ಎಂದು ಆತ ಬರೆಸಿದ್ದಾನೆ. ಐದು ದಿನ ಇದ್ದ. ನಂತರ ಬಂಗಾಳಕ್ಕೆ ಹೊರಟ, ನಲವತ್ತಮೂರು ರಾತ್ರಿ ಕಡಲಲ್ಲಿ ಕಳೆದ. ಮಗುವಿನ ಹೆಸರು ಪುಸ್ತಕದಲ್ಲಿಲ್ಲ. ಆ ಮಗು ತಂದೆಯನ್ನು ಕಂಡು ಅತ್ತಿತೋ, ನಕ್ಕಿತೋ, ತಾಯಿಯ ಹಿಂದೆ ಅಡಗಿತೋ, ಒಂದು ಸಾಲೂ ಇಲ್ಲ. ಸುಲ್ತಾನನ ಹರಿವಾಣದಲ್ಲಿ ಯಾವ ಉಪ್ಪಿನಕಾಯಿ ಯಾವ ಬದಿಗಿತ್ತು ಎಂದು ಹತ್ತು ವರ್ಷ ನೆನಪಿಟ್ಟುಕೊಂಡವನು ಇವನೇ.

ಆತ ಮಾಡಿದ್ದು ಸರಿಯೇ? ನಮ್ಮ ಮನೆಯಲ್ಲಿ ಇದಕ್ಕೆ ಒಮ್ಮತವಿಲ್ಲ. ಬಿಟ್ಟು ಹೋದವನನ್ನು ಹೊಗಳುವುದೇನಿದೆ ಎಂಬುದು ನಮ್ಮ ವಾದ. ಮನೆಯವರದು ಬೇರೆ. "ಹುಟ್ಟಿದ ಮಕ್ಕಳನ್ನೆಲ್ಲ ಎಲ್ಲೆಲ್ಲೋ ಬಿಟ್ಟ ಮನುಷ್ಯ, ಇದೊಂದು ಸಲ ಹತ್ತು ದಿನ ಸಮುದ್ರ ದಾಟಿ ನೋಡಲು ಬಂದ. ನೋಡಿ, ತಾಯಿಯಿಂದ ಕಿತ್ತುಕೊಳ್ಳಲಿಲ್ಲ. ಆ ಕಾಲದಲ್ಲಿ ಅವನ ಕೈಯಲ್ಲಿ ಅಧಿಕಾರವಿತ್ತು, ಒಯ್ಯಬಹುದಿತ್ತು. ಒಯ್ದಿದ್ದರೆ ಆ ಮಗು ಬಂಗಾಳದ ದಾರಿಯಲ್ಲೋ ಚೀನಾದ ದಾರಿಯಲ್ಲೋ ಸಾಯುತ್ತಿತ್ತು, ದಿಲ್ಲಿಯಲ್ಲಿ ಸತ್ತ ಕೂಸಿನ ಹಾಗೆ" ಎಂದರು. ನಾವು ಉತ್ತರ ಹುಡುಕುತ್ತಿದ್ದೇವೆ.

ಮಾಲ್ದೀವಿನ ಉತ್ತರಕ್ಕೆ ಅದೇ ಹವಳದ ನೆಲದಲ್ಲಿ ಹರಡಿರುವ ಲಕ್ಷದ್ವೀಪದ ಮಾತು ಇಲ್ಲಿ ಬರಲೇಬೇಕು. ಅದರಲ್ಲಿ ಐದು ದ್ವೀಪಗಳು ಬಹುಕಾಲ ನಮ್ಮವರೊಂದಿಗೇ ಇದ್ದವು ಎಂಬುದು ಕನ್ನಡಿಗರಿಗೆ ಮರೆತೇಹೋಗಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿಯವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಟಿಪ್ಪುವಿನ ಆಡಳಿತಕ್ಕೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅವನ್ನು ಮಂಗಳೂರಿನಿಂದಲೇ ಆಳಿದರು. 1956ರ ನವೆಂಬರ್ 1ರಂದು, ಕನ್ನಡನಾಡು ಒಂದಾದ ದಿನವೇ, ಅವು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಹೋದವು. ನಾವು ರಾಜ್ಯೋತ್ಸವದ ಬಾವುಟ ಹಾರಿಸುವ ದಿನ ಅಮಿನಿಯವರು ಮಂಗಳೂರಿನ ಲೆಕ್ಕದಿಂದ ಹೊರಬಿದ್ದ ದಿನವೂ ಹೌದು.

ಹಾಗೆಂದು ನಂಟು ಹರಿಯಲಿಲ್ಲ. ಮಳೆಗಾಲದಲ್ಲಿ ದಡಕ್ಕೆಳೆದಿಟ್ಟ ಓಡಗಳನ್ನು ಮಳೆ ತೀರಿದ ಮೇಲೆ ನೀರಿಗಿಳಿಸಿ, ಹುರಿಹಗ್ಗ, ಕೊಬ್ಬರಿ, ಒಣಗಿಸಿದ ಸೂರೆಮೀನು ತುಂಬಿ ಅವರು ಮಂಗಳೂರಿನ ದಕ್ಕೆಗೆ ಬರುತ್ತಿದ್ದರು. ಮರಳುವಾಗ ಅಕ್ಕಿ, ಉಪ್ಪು, ಹುಣಸೆ, ಬಟ್ಟೆ. ಕಂಪನಿ ಕಾಲದಲ್ಲಿ ಹುರಿಯನ್ನು ಸರಕಾರಕ್ಕೇ ಕೊಡಬೇಕು, ಸರಕಾರ ಹೇಳಿದ ದರಕ್ಕೆ ಅಕ್ಕಿ ಪಡೆಯಬೇಕು. ಅಂಗೈ ಸವೆಸಿ ಹುರಿ ಹೊಸೆದ ಹೆಂಗಸಿನ ಮನೆಯ ಒಲೆ ಉರಿಯುವುದು ಮಂಗಳೂರಿನ ಗೋದಾಮಿನ ತಕ್ಕಡಿಯನ್ನು ಅವಲಂಬಿಸಿತ್ತು.

ಆ ಐದರಲ್ಲಿ ಬಿತ್ರಾ ಅತಿ ಚಿಕ್ಕದು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. ಇಬ್ನ್ ಬತೂತನ ನೇಕಾರನ ದ್ವೀಪಕ್ಕಿಂತ ಸ್ವಲ್ಪ ದೊಡ್ಡ ಸಂಸಾರ ಎನ್ನಬಹುದು. 2025ರ ಜುಲೈನಲ್ಲಿ, ಇಡೀ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ವಹಿಸಿಕೊಳ್ಳುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸಲು ಆಡಳಿತ ಅಧಿಸೂಚನೆ ಹೊರಡಿಸಿತು. ದ್ವೀಪದವರು ಪ್ರತಿಭಟಿಸಿದರು. ದೇಶದ ರಕ್ಷಣೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ 271 ಜನರಿಗೆ ಬೇರೆಡೆ ಮನೆ ಕೊಟ್ಟರೆ ಮುಗಿಯಿತು ಎಂಬ ಲೆಕ್ಕ ನಮ್ಮ ಕಿವಿಗೆ ಹೊಸತಲ್ಲ. ಆಯನೂರಿನವರಿಗಂತೂ ಅಲ್ಲವೇ ಅಲ್ಲ.

ಹೊನ್ನಾವರದಿಂದ ಹಿಂತಿರುಗುವಾಗ ನಾವು ಸಾಗರದಿಂದ ಒಳಗೆ ತಿರುಗಿ ಹೊಳೆಬಾಗಿಲಿಗೆ ಹೋದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಕಣಿವೆ ತುಂಬಿತು. ಗುಡ್ಡಗಳ ತಲೆಗಳು ದ್ವೀಪಗಳಾದವು. ತುಮರಿ ಸೀಮೆಯವರು ಹೊರಜಗತ್ತಿಗೆ ಬರಬೇಕಾದರೆ ಲಾಂಚ್ ಹತ್ತಬೇಕಾಯಿತು. ಶಾಲೆಯ ಮಕ್ಕಳು, ಬಾಣಂತಿಯರು, ಹೆಣಗಳು ಎಲ್ಲಕ್ಕೂ ಲಾಂಚೇ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ದಡದಲ್ಲೇ. ಅರವತ್ತು ವರ್ಷ ಸೇತುವೆ ಕೇಳಿದರು. 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಅದರ ಮೇಲೆ ನಿಂತು ಮಗಳು ದ್ವೀಪಗಳನ್ನು ಎಣಿಸಿದಳು. "ಇವೂ ಮಾಲ್ದೀವಾ ಅಬ್ಬಾ?" ಎಂದಳು. ಇಲ್ಲಮ್ಮಾ, ಇವು ಮನುಷ್ಯರು ಮಾಡಿದ ದ್ವೀಪಗಳು ಎಂದೆವು.

ಆ ನೀರಿನ ಕೆಳಗಿನ ಹಳ್ಳಿಗಳವರಲ್ಲಿ ಎಷ್ಟೋ ಕುಟುಂಬಗಳನ್ನು ತಂದು ಬಿಟ್ಟದ್ದು ನಮ್ಮ ಆಯನೂರು, ಕುಂಸಿ ಸುತ್ತಿನ ಕಾಡಂಚಿಗೆ. ಅವರು ಸಾಗುವಳಿ ಮಾಡುವ ನೆಲದ ಹಕ್ಕುಪತ್ರದ ಸಮಸ್ಯೆ ಆರು ದಶಕ ಎಳೆಯಿತು. 2022ರ ನವೆಂಬರ್‌ನಲ್ಲಿ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ನಡೆದದ್ದೂ ಈ ಕಾರಣಕ್ಕೇ. ನಮ್ಮ ನೆರೆಯ ಹಳ್ಳಿಯ ಹಿರಿಯರೊಬ್ಬರು ಆ ದಿನ ಕೋಲೂರಿಕೊಂಡು ನಡೆದಿದ್ದರು. ಊರಿಗೆ ಮರಳಿದ ಮರುದಿನ ಹೋಟೆಲಿನಲ್ಲಿ ಸಿಕ್ಕಿದಾಗ ಬೋಟು, ಸೇತುವೆ ಎಲ್ಲ ಅವರಿಗೆ ಹೇಳಿದೆವು. ಸೇತುವೆಯ ಯಾವ ಬದಿಗೆ ನಿಂತಿದ್ದಿರಿ ಎಂದು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು.

"ಹಂಗಾರೆ ನಮ್ಮನೆ ನಿಮ್ ಎಡಗೈಗೆ ಬತ್ತದೆ ಸಾಬ್ರೆ, ನೀರಡೀಗೆ" ಎಂದರು. "ನಾನು ಬಂದಾಗ ಆರು ವರ್ಷ. ಲಾರೀಲಿ ಮನೆ ಹಂಚಿನ ಮೇಲೆ ಕೂರಿಸಿದ್ರು, ಕಾಲ ಮೇಲೊಂದು ಕರ. ಇಲ್ಲಿಗೆ ಬರಾವರ್ಗೂ ಅದು ಕೂಗ್ತಾನೇ ಇತ್ತು."

ಮಗಳು ಆ ಕರುವಿನ ಹೆಸರೇನೆಂದು ಕೇಳಿದಳು. ಅವರು ಹೇಳಿದರು.